ನೋಡದೆ ಹಾಕಿದ ಸಹಿ

ಫೆಬ್ರವರಿ 3

ಕೂಸೇ,

ನಾನಿಲ್ಲಿ ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ಮೂಗು ಮುರಿಯುತ್ತೀಯ. ಚೆನ್ನಾಗಿಲ್ಲ ಎಂದು ಬರೆದರೆ ಒಳಗೊಳಗೇ ಖುಷಿಪಡುತ್ತೀಯ. ಎರಡನ್ನೂ ಬಿಟ್ಟು ಕೆಲಸದ ಮಾತಿಗೆ ಬರುತ್ತೇನೆ.

ಗಿಡ ಹೇಗಿದೆ? ಜೈಲಿಗೆ ಬಂದ ನಾಲ್ಕು ತಿಂಗಳಲ್ಲಿ ನಾಲ್ಕು ಪತ್ರ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ನಾನು ಹೊರಟ ದಿನ ಆರ್ಕಿಡ್‌ಗೆ ಐದು ಎಲೆಗಳಿದ್ದವು. ಅಡುಗೆಮನೆಯ ಪೂರ್ವದ ಕಿಟಕಿಯಲ್ಲೇ ಇರಲಿ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಬಿದ್ದರೆ ಎಲೆ ಸುಡುತ್ತದೆ. ನೀರು ವಾರಕ್ಕೊಮ್ಮೆ. ಪಿಂಗಾಣಿ ಕುಂಡದೊಳಗಿರುವ ಪ್ಲಾಸ್ಟಿಕ್ ಕುಂಡವನ್ನು ಮಾತ್ರ ಹೊರಗೆತ್ತಿ, ಬೋಗುಣಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಪೂರ್ತಿ ಬಸಿದ ಮೇಲೆ ವಾಪಸ್ ಇಡು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಹೀರಿ ತೆಗೆ. ಪ್ಲಾಸ್ಟಿಕ್ ಮೂಲಕ ಬೇರು ಕಾಣುತ್ತದೆ. ಬೆಳ್ಳಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೇಕು, ಹಸಿರಾಗಿದ್ದರೆ ಬೇಡ, ಕಂದಾಗಿದ್ದರೆ ನನಗೆ ಕೂಡಲೇ ಬರೆ.

ದಿನಾ ನೋಡಬೇಕು. ಕಣ್ಣಾಡಿಸಿದರೆ ಸಾಲದು, ನಿಂತು ನೋಡಬೇಕು.

ಇನ್ನೊಂದು ವಿಷಯ. ಮೇಲ್ಮನವಿಯ ವಕೀಲರು ಒಂದು ಕಾಗದ ಹಿಡಿದು ನಿನ್ನ ಬಳಿ ಬರುತ್ತಾರೆ. ಹೋದ ವರ್ಷ ಮಾರ್ಚ್ ಹದಿನಾರರ ಬೆಳಿಗ್ಗೆ ಹತ್ತಕ್ಕೆ ನಾನು ರಿಪೇರಿ ಸಾಮಾನಿನ ಚೀಲ ಹಿಡಿದು ಮನೆಯಿಂದ ಹೊರಟಿದ್ದು ನಿನಗೆ ನೆನಪಿರಬೇಕು. ಅಷ್ಟು ಹೇಳಿ ಸಹಿ ಹಾಕಿದರೆ ಸಾಕು.

ನಿನ್ನ ಒಳ್ಳೆಯದನ್ನೇ ಬಯಸುವ
ಅಪ್ಪ


ಫೆಬ್ರವರಿ 12

ಅಪ್ಪಾ,

ನನಗೆ ಮೂವತ್ತೊಂದು ವರ್ಷ. ಕೂಸೇ ಎಂದು ಬರೆಯಬೇಡ. ಇಡೀ ದಿನ ಲ್ಯಾಬಿನಲ್ಲಿ ಯಾರು ಯಾರದೋ ಕಟ್ಟುಹಲ್ಲು ತೀಡಿ ಮನೆಗೆ ಬಂದರೆ ಬಾಗಿಲ ಕೆಳಗೆ ನಿನ್ನ ಪತ್ರ ಬಿದ್ದಿರುತ್ತದೆ. ಜೈಲಿನಲ್ಲಿ ಯಾರೋ ನನಗಿಂತ ಮೊದಲೇ ಒಡೆದು ಓದಿ ಮತ್ತೆ ಅಂಟಿಸಿರುತ್ತಾರೆ. ಪಾಪ, ಅವರಿಗೂ ಬೇಜಾರಾಗಿರಬೇಕು. ಗಿಡ, ಗಿಡ, ಗಿಡ.

ಕೇಳಿದೆಯಲ್ಲ, ಕೇಳಿಕೋ. ಐದು ಎಲೆಗಳಲ್ಲಿ ಎರಡು ಉದುರಿದವು. ಉಳಿದ ಮೂರು, ಒಗೆದು ಹಿಂಡದೆ ನೇತುಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದಿವೆ. ಬೇರು ಕಂದಲ್ಲ, ಕಪ್ಪಗಿದೆ. ಕುಂಡ ನಾರುತ್ತಿದೆ. ನೆನಪಾದಾಗ ಲೋಟದಲ್ಲಿ ಉಳಿದ ನೀರನ್ನು ಅದರ ತಲೆಯ ಮೇಲೆ ಸುರಿಯುತ್ತೇನೆ. ಸಾಯುತ್ತಿದೆ. ನನಗೇನೂ ಅನ್ನಿಸುತ್ತಿಲ್ಲ.

ಅನ್ನಿಸುವುದು ಪಿಂಗಾಣಿ ಕುಂಡಕ್ಕೆ ಅಂಟಿಸಿದ ತಗಡನ್ನು ನೋಡಿದಾಗ. 'ಒಂದೂ ಅಪಘಾತವಿಲ್ಲದ ಇಪ್ಪತ್ತೈದು ವರ್ಷಗಳ ಸೇವೆಗೆ.' ಲಿಫ್ಟ್ ಕಂಪನಿಯವರು ಅದನ್ನು ಗಿಡದ ಸಮೇತ ನಿನ್ನ ಕೈಗಿತ್ತು ಮೂರು ತಿಂಗಳೂ ತುಂಬಿರಲಿಲ್ಲ. ನಮ್ಮದೇ ಕಟ್ಟಡದ ಐದನೇ ಮಹಡಿಯ ಟೈಲರಮ್ಮ ಎರಡನೇ ಮಹಡಿಯವರಿಗೆ ಬಟ್ಟೆ ಕೊಟ್ಟು ವಾಪಸ್ ಹೋಗಲು ಲಿಫ್ಟಿನ ಬಾಗಿಲು ಎಳೆದಳು. ಲಿಫ್ಟ್ ಅಲ್ಲಿರಲಿಲ್ಲ. ಬಾಗಿಲು ಮಾತ್ರ ತೆರೆದುಕೊಂಡಿತು. ಗುಂಡಿಯಿಂದ ಎತ್ತಿದರು, ಆದರೆ ಬಲಗಾಲನ್ನು ಮೊಣಕಾಲಿನ ಕೆಳಗೆ ಉಳಿಸಿಕೊಳ್ಳಲು ಆಗಲಿಲ್ಲ. ಅದಕ್ಕೆ ಎರಡೇ ದಿನ ಮೊದಲು ನೀನು ತಪಾಸಣೆ ಪುಸ್ತಕದಲ್ಲಿ 'ಆರೂ ಬಾಗಿಲು ಸರಿಯಿದೆ' ಎಂದು ಬರೆದು ಸಹಿ ಹಾಕಿದ್ದೆ.

ದಿನಾ ನೋಡಬೇಕಂತೆ, ನಿಂತು ನೋಡಬೇಕಂತೆ! ಆರು ಬಾಗಿಲು ನೋಡದವನು ಮೂರು ಎಲೆ ನೋಡುವುದು ಹೇಗೆಂದು ನನಗೆ ಪಾಠ ಹೇಳುತ್ತಿದ್ದಾನೆ.

ಮಾರ್ಚ್ ಹದಿನಾರು ನನಗೆ ಚೆನ್ನಾಗಿಯೇ ನೆನಪಿದೆ. ನಿನ್ನ ವಕೀಲರಿಗೆ ಬೇಕಾದಷ್ಟಕ್ಕಿಂತ ಜಾಸ್ತಿ.

ಮಗಳು


ಫೆಬ್ರವರಿ 25

ಮಗಳೇ,

ಕೂಸು ಬೇಡವೆಂದೆ, ಬಿಟ್ಟೆ. ಆದರೆ ನಾಲಿಗೆ ಹರಿಬಿಡುವ ಮೊದಲು ಒಂದು ಮಾತು ಕೇಳು. ನಲವತ್ತಾರು ಲಿಫ್ಟ್‌ಗಳಿಗೆ ನಾವಿದ್ದದ್ದು ಇಬ್ಬರು. ಒಬ್ಬ ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದ. ಮೇಲಿನವರು ಬಾಗಿಲು ನೋಡಿದೆಯಾ ಎಂದು ಒಂದು ದಿನವೂ ಕೇಳಿದವರಲ್ಲ, ಪುಸ್ತಕ ತುಂಬಿಸಿದೆಯಾ ಎಂದೇ ಕೇಳುತ್ತಿದ್ದರು. ಲಿಫ್ಟ್ ಎದುರಿಗಿಲ್ಲದಾಗ ಬಾಗಿಲು ಹಿಡಿದಿಡುವ ಬೀಗದ ಸ್ಪ್ರಿಂಗ್ ಯಾವ ಗಳಿಗೆಯಲ್ಲಿ ಬೇಕಾದರೂ ಸೋಲಬಹುದು. ಬೆಳಿಗ್ಗೆ ನೋಡಿ ಸರಿಯಿದೆ ಎಂದದ್ದು ಮಧ್ಯಾಹ್ನ ಕೈಕೊಡಬಹುದು. ಇದನ್ನು ನ್ಯಾಯಾಧೀಶರಿಗೂ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ನಿನಗೆ ಅರ್ಥವಾಗುವುದು ಬೇಕಿಲ್ಲ.

ಗಿಡ ಸಾಯುತ್ತಿಲ್ಲ. ಕೊಳೆಯುತ್ತಿದೆ. ಎರಡಕ್ಕೂ ವ್ಯತ್ಯಾಸವಿದೆ. ಇವತ್ತೇ ಹೊರಗೆ ತೆಗೆ. ಕುಂಡದಲ್ಲಿ ಮಣ್ಣಿನ ಬದಲಿಗಿರುವ ತೊಗಟೆ ಚೂರುಗಳನ್ನೆಲ್ಲ ಬಿಸಾಡು. ಬೇರನ್ನು ಹರಿಯುವ ನೀರಿನಲ್ಲಿ ತೊಳೆದು ಒಂದೊಂದನ್ನೂ ಬೆರಳ ತುದಿಯಲ್ಲಿ ಒತ್ತಿ ನೋಡು. ಗಟ್ಟಿಯಿದ್ದರೆ ಜೀವವಿದೆ. ಪಿಚಕ್ ಎಂದರೆ ಕತ್ತರಿಸು. ಬ್ಲೇಡನ್ನು ಬೆಂಕಿಯಲ್ಲಿ ಹಿಡಿದು, ಆರಿಸಿಕೊಂಡು ಕತ್ತರಿಸು. ಕತ್ತರಿಸಿದ ಕಡೆ ದಾಲ್ಚಿನ್ನಿ ಪುಡಿ ಒತ್ತು. ಒಂದು ದಿನ ಹಾಗೇ ಗಾಳಿಗೆ ಬಿಟ್ಟು, ಆಮೇಲೆ ಹೊಸ ತೊಗಟೆಯಲ್ಲಿ ಕೂರಿಸು. ಹದಿನೈದು ದಿನಕ್ಕೊಮ್ಮೆ ವರದಿ ಬರೆ. ಎರಡು ಸಾಲು ಸಾಕು, ನಿನ್ನ ಭಾಷಣ ಬೇಡ.

ಅಪ್ಪ


ಮಾರ್ಚ್ 10

ಅಪ್ಪಾ,

ಬೇರು ಕತ್ತರಿಸಿದೆ. ಪುಡಿ ಹಚ್ಚಿದೆ. ಹೊಸ ತೊಗಟೆ ಹಾಕಿದೆ. ಸರಿಯಿದೆ.

ಮಗಳು


ಮಾರ್ಚ್ 24

ಅಪ್ಪಾ,

ನೋಡುತ್ತಿದ್ದೇನೆ. ಎಲೆ ಗಟ್ಟಿಯಾಗಿವೆ. ನಡುವೆ ಹೊಸ ಎಲೆ ಬರುತ್ತಿದೆ, ಬೆರಳುದ್ದವಾಗಿದೆ. ಎಲ್ಲ ಸರಿಯಿದೆ.

ಮಗಳು


ಏಪ್ರಿಲ್ 2

ಮಗಳೇ,

ನಿನ್ನ ಮೊದಲ ವರದಿ ಓದಿ ಸಂತೋಷಪಟ್ಟೆ. ಎರಡನೆಯದನ್ನು ಓದಿ ಮೈ ಉರಿಯಿತು.

ಬೇರು ಕತ್ತರಿಸಿದ ಎರಡು ವಾರಕ್ಕೆ ಯಾವ ಆರ್ಕಿಡ್ಡೂ ಬೆರಳುದ್ದ ಎಲೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಅದು ಸುಮ್ಮನೆ ಕೂತಿರುತ್ತದೆ. ಎಲೆ ಇನ್ನಷ್ಟು ಸುಕ್ಕುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ನಿಜವಾಗಿ ನೋಡಿದವರು ಏನಾದರೊಂದು ದೂರು ಬರೆಯುತ್ತಾರೆ. ಇದೇನೋ ಚುಕ್ಕೆ ಕಾಣುತ್ತಿದೆ, ಅದ್ಯಾಕೋ ಬಾಗಿದೆ ಎಂದು ತಲೆ ತಿನ್ನುತ್ತಾರೆ. 'ಎಲ್ಲ ಸರಿಯಿದೆ' ಎಂದು ಬರೆಯುವವರು ನೋಡದವರು. ಇಪ್ಪತ್ತೈದು ವರ್ಷ ಬೇರೆಯವರ ತಪಾಸಣೆ ಪುಸ್ತಕ ಓದಿದವನು ನಾನು. ನನ್ನ ಕಣ್ಣಿಗೇ ಮಣ್ಣೆರಚಲು ಬರಬೇಡ.

ಗಿಡ ಎಲ್ಲಿದೆ? ನಿಜ ಬರೆ.

ಮೇಲ್ಮನವಿ ಜೂನ್ ಕೊನೆಗೆ ವಿಚಾರಣೆಗೆ ಬರುತ್ತದೆ. ವಕೀಲರನ್ನು ಎರಡು ಸಲ ಬಾಗಿಲಿನಿಂದಲೇ ವಾಪಸ್ ಕಳಿಸಿದೆಯಂತೆ. ಹೆತ್ತ ಅಪ್ಪನಿಗೆ ಒಂದು ಸಹಿ ಹಾಕಲು ನಿನ್ನ ಕೈ ಸವೆಯುತ್ತದೆಯೇ?

ಅಪ್ಪ


ಏಪ್ರಿಲ್ 15

ಅಪ್ಪಾ,

ಸಿಕ್ಕಿಬಿದ್ದೆ. ಗಿಡ ಎಲ್ಲಿದೆ ಎಂದು ಹೇಳುತ್ತೇನೆ, ಕೂತು ಓದು.

ನಿನ್ನ ದಾಲ್ಚಿನ್ನಿ ಪುಡಿಯ ಪತ್ರ ಬಂದ ಮರುದಿನವೇ, ಮಾರ್ಚ್ ಒಂದರಂದು, ಕುಂಡವನ್ನು ತಗಡಿನ ಸಮೇತ ಎತ್ತಿಕೊಂಡು ಹೋಗಿ ಮೆಟ್ಟಿಲ ಮೂಲೆಯ ಕಸದ ಡಬ್ಬಿಯ ಪಕ್ಕ ಇಟ್ಟು ಬಂದೆ. ಸಂಜೆ ನೋಡಿದರೆ ಇರಲಿಲ್ಲ. ಪೀಡೆ ಕಳೆಯಿತು ಎಂದುಕೊಂಡೆ. ಆಮೇಲೆ ಬರೆದ ಎರಡು ವರದಿಯೂ ಸುಳ್ಳು. ಮೊದಲ ಸಲ ಸ್ವಲ್ಪ ಯೋಚಿಸಿದೆ. ಎರಡನೇ ಸಲ ಯೋಚಿಸಲೂ ಇಲ್ಲ, ಚಹಾ ಕುದಿಯುವಷ್ಟರಲ್ಲಿ ಬರೆದು ಮುಗಿಸಿದೆ. ಎಲೆಗೆ ಉದ್ದ ಬೇರೆ ಕೊಟ್ಟೆ. ಸುಳ್ಳು ಎಷ್ಟು ಸಲೀಸು ಎಂದು ತಿಳಿದ ದಿನ ನಿನ್ನ ಮೇಲೆ ನನಗೆ ಇನ್ನೂ ಸಿಟ್ಟು ಬಂತು. ನನ್ನ ಕೈಗೂ ಅದು ಬರುತ್ತದೆ ಎಂದು ತೋರಿಸಿಕೊಟ್ಟೆಯಲ್ಲ, ಅದಕ್ಕೆ.

ಹೋದ ಭಾನುವಾರ ಬಟ್ಟೆ ಒಣಹಾಕಲು ತಾರಸಿಗೆ ಹೋಗುತ್ತಿದ್ದೆ. ಐದನೇ ಮಹಡಿಯಲ್ಲಿ ಟೈಲರಮ್ಮನ ಬಾಗಿಲು ತೆರೆದಿತ್ತು. ಈ ಒಂದು ವರ್ಷ ಆ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದವಳು ನಾನು. ಅವತ್ತು ಯಾಕೋ ಕಣ್ಣು ಹೋಯಿತು. ಕಿಟಕಿಯಲ್ಲಿ ನಿನ್ನ ಗಿಡ.

ಕುಂಡದಲ್ಲಿ ಅಲ್ಲ. ಒಂದು ಮರದ ಹಲಗೆಗೆ ಬಟ್ಟೆಯ ಅಂಚುಪಟ್ಟಿಗಳಿಂದ ಕಟ್ಟಿ, ಚಿತ್ರಪಟದ ಹಾಗೆ ನೇತುಹಾಕಿದ್ದಳು. ಪಿಂಗಾಣಿ ಕುಂಡ ಅವಳ ಮೇಜಿನ ಮೇಲಿತ್ತು, ಅದರ ತುಂಬಾ ಕತ್ತರಿಗಳು. ತಗಡು ಅವಳ ಕಡೆಗೇ ಮುಖ ಮಾಡಿತ್ತು.

"ಒಳಗೆ ಬಾ. ಹೊಸ್ತಿಲಲ್ಲಿ ನಿಂತು ಕದ್ದು ನೋಡೋದ್ಯಾಕೆ?" ಎಂದಳು. ಮೆಶಿನ್ ನಿಲ್ಲಿಸಲಿಲ್ಲ. ಈಗ ಕರೆಂಟಿನ ಮೆಶಿನ್, ಎಡಗಾಲಲ್ಲಿ ಒತ್ತುತ್ತಾಳೆ.

"ಅಕ್ಕಾ, ಅದು ನಮ್ಮನೆ ಗಿಡ."

"ಗೊತ್ತು. ನಿಮ್ಮನೆ ಕಸ."

"ಗೊತ್ತಿದ್ದೂ ಇಟ್ಕೊಂಡ್ರಾ?"

"ಗೊತ್ತಿದ್ದಕ್ಕೇ ಇಟ್ಕೊಂಡೆ. ಕಸ ಗುಡಿಸೋಳು ಈ ತಗಡಲ್ಲಿ ಏನು ಬರೆದಿದೆ ಓದಿ ಹೇಳಿ ಅಂತ ತಂದು ತೋರಿಸಿದ್ಲು. ಓದಿದೆ. ಇಲ್ಲೇ ಬಿಟ್ಟು ಹೋಗು ಅಂದೆ."

ಆಮೇಲೆ ತಾನಾಗಿಯೇ ಹೇಳಿದಳು. ದಾರ ಕತ್ತರಿಸುವ ಸಣ್ಣ ಕತ್ತರಿಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಕೊಳೆತದ್ದನ್ನೆಲ್ಲ ತೆಗೆದಳಂತೆ. ಉಳಿದದ್ದು ಎರಡೇ ಬೇರು. ಅಷ್ಟು ಒದ್ದೆಯಲ್ಲಿ ಕೂತು ಕೂತು ಸತ್ತದ್ದಕ್ಕೆ ಮತ್ತೆ ಕುಂಡ ಯಾಕೆ ಎಂದು ಹಲಗೆಗೆ ಕಟ್ಟಿದಳಂತೆ. ಅವಳ ಹಳೆಯ ಕಾಲುಮೆಶಿನ್ನಿನ ಡ್ರಾಯರ್ ಹಲಗೆ ಅದು. ಎರಡು ಕಾಲೂ ಬೇಕಾಗುವ ಮೆಶಿನ್, ಈಗ ಬಿಚ್ಚಿಟ್ಟಿದ್ದಾಳೆ. ನೀರು ಹಾಕುವುದಿಲ್ಲ. ಇಸ್ತ್ರಿಗೆ ಮೊದಲು ಬಟ್ಟೆಗೆ ಸಿಂಪಡಿಸುವ ಬಾಟಲಿಯಿಂದ ಬೆಳಿಗ್ಗೆ ಒಂದೆರಡು ಸಲ ಸಿಂಪಡಿಸುತ್ತಾಳೆ, ಅಷ್ಟೇ. ಕೊಳೆತದ್ದನ್ನು ಕತ್ತರಿಸಿದ್ದು ಬಿಟ್ಟರೆ ನಿನ್ನ ಒಂದು ಸೂಚನೆಯನ್ನೂ ಪಾಲಿಸಿಲ್ಲ. ಗಿಡ ಬದುಕಿದೆ.

"ಯಾಕೆ ಇಷ್ಟೆಲ್ಲ ಮಾಡ್ತೀರಾ?" ಎಂದೆ.

"ಪುಣ್ಯಕ್ಕಲ್ಲ ಬಿಡು. ನಿಮ್ಮಪ್ಪ ಹೊರಗೆ ಬಂದ ದಿನ ಇದನ್ನೂ ಕುಂಡಾನೂ ಅವನ ಮುಂದೆ ಇಡ್ತೀನಿ. ಅಲ್ಲೀತನಕ ಇದು ಸಾಯಬಾರದು. ಬರೀ ಕುಂಡಕ್ಕೆ ಯಾರು ಹೆದರ್ತಾರೆ?"

ಆಗ ಹೇಳಿಬಿಟ್ಟೆ ಅಪ್ಪಾ. ಹೇಳಬೇಕೆಂದು ಹೋಗಿರಲಿಲ್ಲ. ಮಾರ್ಚ್ ಹದಿನಾರರಂದು ನೀನು ಚೀಲ ಮುಟ್ಟಲೂ ಇಲ್ಲ, ಇದೇ ಗಿಡದ ಕುಂಡ ಬದಲಿಸುತ್ತ ಅಡುಗೆಮನೆಯಲ್ಲಿ ಕೂತಿದ್ದೆ, ಪುಸ್ತಕ ತುಂಬಿಸಿದೆಯಾ ಎಂದು ಕಂಪನಿಯಿಂದ ಫೋನ್ ಬಂದಾಗ ಅದನ್ನು ಅಲ್ಲೇ ಮೇಜಿನ ಮೇಲೆ ಎಳೆದುಕೊಂಡು ಸಹಿ ಹಾಕಿದೆ ಎಂದೆ. ನಾನು ಅವತ್ತು ರಜೆಯಲ್ಲಿದ್ದೆ. ಎದುರಿಗೇ ತಿಂಡಿ ತಿನ್ನುತ್ತಿದ್ದೆ.

ಮೆಶಿನ್ ನಿಂತಿತು.

"ಕುಂಡ ಬದಲಿಸೋಕೆ ಎಷ್ಟು ಹೊತ್ತಾಯ್ತು?"

"ಎರಡು ಗಂಟೆ."

"ಬಾಗಿಲು ನೋಡೋಕೆ?"

"ಒಂದಕ್ಕೆ ನಾಲ್ಕು ನಿಮಿಷ ಅಂತ ಅಪ್ಪನೇ ಹೇಳ್ತಿದ್ದ."

"ಕೋರ್ಟಲ್ಲಿ ನೀನ್ಯಾಕೆ ಹೇಳ್ಲಿಲ್ಲ?"

"ನನ್ನನ್ನ ಯಾರೂ ಕೇಳ್ಲಿಲ್ಲ."

"ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ," ಎಂದು ಅವಳು ನನ್ನ ಮಾತನ್ನೇ ತಿರುಗಿಸಿ ಹೇಳಿದಳು. ನನ್ನನ್ನು ನೋಡಿದ ನೋಟವಿತ್ತಲ್ಲ, ಅದು ನಿನಗೆ ಬೀಳಬೇಕಾದದ್ದು. "ಹೋಗು. ಬಟ್ಟೆ ಒಣಹಾಕ್ಕೋ ಹೋಗು."

ಈ ಪತ್ರವನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆ ಎಂದು ಗೊತ್ತಿದ್ದೇ ಬರೆದಿದ್ದೇನೆ.

ಮಗಳು


ಏಪ್ರಿಲ್ 28

ನಿನ್ನ ಪತ್ರ ತಲುಪಿತು. ನನಗೂ, ಓದಬೇಕಾದ ಉಳಿದವರಿಗೂ. ಪತ್ರ ಕೊಡುವವನು ಇವತ್ತು ನನ್ನ ಮುಖ ನೋಡದೆ ಕೊಟ್ಟು ಹೋದ.

ನಿನ್ನನ್ನು ಓದಿಸಿದೆ, ಕೆಲಸಕ್ಕೆ ನಿಲ್ಲಿಸಿದೆ. ನಿನ್ನ ಅಮ್ಮ ಹೋದ ಮೇಲೆ ಒಂಬತ್ತು ವರ್ಷ ನಿನ್ನ ಡಬ್ಬಿಗೆ ಅನ್ನ ಹಾಕಿ ಕಳಿಸಿದೆ. ಅದಕ್ಕೆ ನೀನು ಮೇಲಿನ ಮಹಡಿಗೆ ಹೋಗಿ ನನ್ನನ್ನು ಹರಾಜು ಹಾಕಿ ಬಂದೆ. ತೃಪ್ತಿಯಾಯಿತೇ?

ಇನ್ನು ಬರೆಯಬೇಡ. ಗಿಡದ ಸುದ್ದಿಯೂ ಬೇಡ.

(ಸಹಿ ಬೇಕಿಲ್ಲ, ಅಕ್ಷರ ನಿನಗೆ ಗೊತ್ತು.)


ಜೂನ್ 6

ಅಪ್ಪಾ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ನಿನ್ನ ಮಾತು ಕೇಳುವ ಅಭ್ಯಾಸ ತಪ್ಪಿಹೋಗಿದೆ.

ಟೈಲರಮ್ಮ ಗಿಡವನ್ನು ಕಿಟಕಿಯಿಂದ ಎಸೆದಿರುತ್ತಾಳೆ ಎಂದುಕೊಂಡು, ಅವಳಿಗೆ ಎಲ್ಲ ಹೇಳಿದ ಮರುದಿನ ಕಟ್ಟಡದ ಹಿಂದೆ ಹೋಗಿ ನೋಡಿದೆ. ಇರಲಿಲ್ಲ. ವಾರ ಬಿಟ್ಟು ಮೇಲೆ ಹೋದೆ. ಬಾಗಿಲು ತೆರೆದಳು, ಕೂರು ಎನ್ನಲಿಲ್ಲ. "ಎಸೀಬೇಕು ಅಂತ ಎರಡು ಸಲ ಕೈಗೆ ತಗೊಂಡೆ," ಎಂದಳು. "ಬೇರು ಹಲಗೆಗೆ ಅಂಟ್ಕೊಂಡುಬಿಟ್ಟಿದೆ. ಕಿತ್ರೆ ಹಲಗೇನೂ ಹಾಳಾಗುತ್ತೆ." ಹತ್ತಿರ ಹೋಗಿ ನೋಡಿದೆ. ನಿಜ. ಎರಡು ಬೇರಿನಲ್ಲಿ ಒಂದು ಮರದ ಮೇಲೆ ಚಪ್ಪಟೆಯಾಗಿ ಹಬ್ಬಿದೆ, ತುದಿ ಹಸಿರಾಗಿದೆ. ಒಂದು ಎಲೆ ಪೂರ್ತಿ ಹಳದಿ, ಇನ್ನೊಂದರ ಅಂಚಿನಲ್ಲಿ ಕಂದು ಚುಕ್ಕೆ. ಹೊಸ ಎಲೆ ಇಲ್ಲ. ನಿಂತು ನೋಡಿ ಬರೆದದ್ದು ಇದು, ದೂರು ಸಮೇತ.

ಈಗ ಆಗಾಗ ಹೋಗುತ್ತೇನೆ. ದಾರ, ಗುಂಡಿ, ಸೂಜಿ ತಂದುಕೊಡುತ್ತೇನೆ. ಅವಳು ಒಂದು ದಿನವೂ ಒಳ್ಳೆಯ ಮಾತಾಡಿಲ್ಲ. "ನಿಮ್ಮಪ್ಪನ ಪಾಪ ತೊಳೆಯೋಕೆ ಬರ್ತೀಯಾ?" ಎನ್ನುತ್ತಾಳೆ. ಇಲ್ಲ, ನನ್ನದು ತೊಳೆಯೋಕೆ ಎಂದರೆ, "ನಿಂದೇನು ಚಿಕ್ಕದಾ?" ಎನ್ನುತ್ತಾಳೆ.

ನಿನಗೆ ಹೇಳಬೇಕಾದ್ದು ಬೇರೆ ಇದೆ. ಕೃತಕ ಕಾಲಿನ ಅಳತೆಗೆ ಅವಳು ಮೂರು ಸಲ ಆಸ್ಪತ್ರೆಗೆ ಹೋಗಬೇಕಿತ್ತು. ಹೋದದ್ದು ಒಂದೇ ಸಲ. ಆ ಸಲ ನಾಲ್ಕು ಜನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಐದು ಮಹಡಿ ಇಳಿಸಿದರು. ಮೂರನೇ ಮಹಡಿಯಲ್ಲಿ, ನಮ್ಮ ಬಾಗಿಲ ಮುಂದೆಯೇ, ಒಬ್ಬನ ಕೈ ಜಾರಿತು. ಅವಳು ಕೂಗಿದ್ದು ನನಗೆ ಒಳಗೆ ಕೇಳಿಸಿತು, ನಾನು ಬಾಗಿಲು ತೆಗೆಯಲಿಲ್ಲ. ಆಮೇಲೆ ಅವಳು ಯಾರನ್ನೂ ಕರೆಯಲಿಲ್ಲ. ಮನೆಯಿಂದ ಹೊರಗೆ ಕಾಲಿಟ್ಟು ಹತ್ತು ತಿಂಗಳಾಯಿತು.

ಲಿಫ್ಟ್ ಯಾಕೆ ರಿಪೇರಿಯಾಗಿಲ್ಲ ಗೊತ್ತೇ? ಕೋರ್ಟಿನ ಮೊಹರು ಬಿದ್ದಿದೆ. ಅದು ಸಾಕ್ಷ್ಯವಂತೆ. ನಿನ್ನ ಮೇಲ್ಮನವಿ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಜೂನ್ ಎನ್ನುತ್ತಾರೆ, ಆಮೇಲೆ ಮುಂದಕ್ಕೆ ಹಾಕುತ್ತಾರೆ. ನೀನು ನಿರಪರಾಧಿ ಎಂದು ಸಾಬೀತು ಮಾಡಿಕೊಳ್ಳುವವರೆಗೆ ಅವಳು ಮೇಲೆಯೇ ಇರಬೇಕು. ನಿನಗಾದರೂ ಮೂರು ವರ್ಷ ಎಂದು ಲೆಕ್ಕವಿದೆ, ಅವಳಿಗೆ ಅದೂ ಇಲ್ಲ.

ವಕೀಲರು ನಿನ್ನೆ ಮತ್ತೆ ಬಂದಿದ್ದರು. ಸಹಿ ಹಾಕುವುದಿಲ್ಲ, ಕೋರ್ಟಿಗೆ ಕರೆದರೆ ಅಡುಗೆಮನೆಯ ಮೇಜಿನ ವಿಷಯ ಹೇಳುತ್ತೇನೆ ಎಂದೆ. ಅವರು ಕೊಡೆ ಮರೆತು ಹೋದರು.

ಮಗಳು


ಜೂನ್ 20

ಮಗಳೇ,

ಹತ್ತು ದಿನ ನಿನ್ನ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಹರಿದು ಹಾಕಬೇಕೆಂದು ಎರಡು ಸಲ ಹೊರಗೆ ತೆಗೆದೆ.

ನಿನಗೆ ಗೊತ್ತಿರುವುದು ಅರ್ಧ. ಉಳಿದದ್ದನ್ನು ನಾನು ಬರೆಯುತ್ತೇನೆ. ಓದುವವರು ಓದಲಿ.

ಅವತ್ತೊಂದು ದಿನ ಮಾತ್ರ ಅಲ್ಲ. ಅದಕ್ಕೂ ಮೊದಲು ಸುಮಾರು ಮೂರು ವರ್ಷದಿಂದ ನಾನು ಮೇಜಿನ ಮೇಲೆಯೇ ಪುಸ್ತಕ ತುಂಬಿಸುತ್ತಿದ್ದೆ. ಎಲ್ಲ ಲಿಫ್ಟ್‌ಗಳದ್ದೂ ಅಲ್ಲ, ಗೊತ್ತಿರುವ ಲಿಫ್ಟ್‌ಗಳದ್ದು. ನಮ್ಮ ಕಟ್ಟಡದ್ದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿತ್ತು, ದಿನಾ ಅದರಲ್ಲೇ ಓಡಾಡುತ್ತಿದ್ದೆ. ಅದರ ಸದ್ದಿನಲ್ಲೇ ಎಲ್ಲ ತಿಳಿಯುತ್ತದೆ ಎಂಬ ಸೊಕ್ಕು. ಆ ತಗಡು ಕೈಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಾಚಲೂ ಇಲ್ಲ.

ಇನ್ನೊಂದಿದೆ. ಇದನ್ನು ನಾನು ನ್ಯಾಯಾಧೀಶರಿಗೂ ವಕೀಲರಿಗೂ ಹೇಳಿಲ್ಲ. ಎರಡನೇ ಮಹಡಿಯ ಬೀಗದ ಸ್ಪ್ರಿಂಗ್ ಸೋತಿರುವುದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಹೊಸದು ತರಿಸಲು ಚೀಟಿ ಬರೆಯಬೇಕಿತ್ತು. ಚೀಟಿ ಬರೆದರೆ ಸ್ಪ್ರಿಂಗ್ ಬರುವವರೆಗೆ ಲಿಫ್ಟ್ ನಿಲ್ಲಿಸಬೇಕು, ನಿಲ್ಲಿಸಿದರೆ ಕಟ್ಟಡದವರೆಲ್ಲ ನಮ್ಮ ಬಾಗಿಲು ಬಡಿಯುತ್ತಾರೆ. ಒಂದು ತಂತಿ ಸುತ್ತಿ ಬಿಗಿ ಮಾಡಿದೆ. ಮುಂದಿನ ತಿಂಗಳು ನೋಡಿದರಾಯಿತು ಎಂದುಕೊಂಡೆ. ಮುಂದಿನ ತಿಂಗಳು ಗಿಡದ ಬೇರು ಕೊಳೆತಿತ್ತು, ಅದು ನನಗೆ ಅವಸರದ ಕೆಲಸವಾಗಿ ಕಂಡಿತು. ಫೋನ್ ಬಂದಾಗ ತಂತಿ ನೆನಪಾಯಿತು. ನೆನಪಾಗಿಯೂ ಎದ್ದು ಹೋಗಲಿಲ್ಲ. ಕೈಯೆಲ್ಲ ತೊಗಟೆ ಪುಡಿಯಾಗಿತ್ತು, ಅಷ್ಟೇ ಕಾರಣ. ತೊಳೆದುಕೊಂಡು ಹೋಗಬೇಕಲ್ಲ ಎಂಬ ಬೇಸರ.

ಇಬ್ಬರಿಗೆ ನಲವತ್ತಾರು ಲಿಫ್ಟ್ ಎಂದೆನಲ್ಲ, ಅದು ಸುಳ್ಳಲ್ಲ. ಆದರೆ ಅವತ್ತು ನನಗೆ ಎರಡು ಗಂಟೆ ಬಿಡುವಿತ್ತು.

ಮೇಲ್ಮನವಿ ಹಿಂದಕ್ಕೆ ಪಡೆಯಲು ನಾನೇ ಕೇಳಿದ್ದ ಕಾಗದ ಇವತ್ತು ಬೆಳಿಗ್ಗೆ ಬಂತು. ವಕೀಲರು ಬೆರಳಿಟ್ಟು ತೋರಿಸಿದ ಕೂಡಲೇ ಸಹಿ ಹಾಕಲಿಲ್ಲ. ಕೂತು ಮೊದಲಿನಿಂದ ಓದಿದೆ, ಆಮೇಲೆ ಹಾಕಿದೆ. ಮೊಹರು ತೆಗೆಯಲು ಒಂದು ತಿಂಗಳಾದರೂ ಬೇಕಂತೆ. ಹೊಸ ಮೆಕ್ಯಾನಿಕ್ ಬಂದರೆ ಎರಡನೇ ಮಹಡಿಯ ತಂತಿಯ ವಿಷಯ ಹೇಳು. ಸ್ಪ್ರಿಂಗ್ ಒಂದನ್ನೇ ಬದಲಿಸಲು ಬಿಡಬೇಡ, ಆರೂ ಬಾಗಿಲಿನ ಬೀಗ ಪೂರ್ತಿ ಬದಲಿಸಲಿ. ಅವನ ಹಿಂದೆಯೇ ನಿಂತಿರು.

ಈ ಪತ್ರವನ್ನು ಆಕೆಗೆ ಓದಿ ಹೇಳು. ಯಾವುದನ್ನೂ ಬಿಡಬೇಡ.

ಅಪ್ಪ


ಜುಲೈ 2

ಮೂರನೇ ಮಹಡಿಯವರಿಗೆ,

ನಿಮ್ಮ ಮಗಳು ಪತ್ರ ಓದಿದಳು. ತಂತಿಯ ವಿಷಯ ಬಂದಾಗ ಕಾಗದ ಮಡಿಸಲು ಹೋದಳು. ಕಿತ್ತುಕೊಂಡು ನಾನೇ ಓದಿದೆ.

ನಾನು ಪತ್ರ ಬರೆಯುವವಳಲ್ಲ. ಬಟ್ಟೆಯ ಅಳತೆ ಬರೆದೇ ಅಭ್ಯಾಸ. ಆದರೂ ಇದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಲು ಮನಸ್ಸಾಗಲಿಲ್ಲ.

ಇಷ್ಟು ದಿನ ಇದನ್ನು ಮರೆವು ಎಂದುಕೊಂಡಿದ್ದೆ. ಮರೆವು ಯಾರಿಗಿಲ್ಲ ಎಂದು ಕೆಲವು ದಿನವಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಅದೂ ಹೋಯಿತು. ನಿಮಗೆ ನೆನಪಾಗಿತ್ತು, ಕೈ ತೊಳೆಯಲು ಬೇಸರವಾಯಿತು. ನಿಜ ಹೇಳಿ ನಿಮ್ಮ ಎದೆ ಹಗುರ ಮಾಡಿಕೊಂಡಿರಿ. ಆ ಭಾರ ಈಗ ನನ್ನ ಮನೆಗೆ ಬಂದಿದೆ.

ಕ್ಷಮಿಸಿ ಎಂದು ನೀವು ಬರೆಯದೇ ಇದ್ದದ್ದು ಒಳ್ಳೆಯದಾಯಿತು. ಬರೆದಿದ್ದರೆ ಇಲ್ಲ ಎನ್ನುವ ಕೆಲಸವೂ ನನ್ನ ತಲೆಗೇ ಬೀಳುತ್ತಿತ್ತು.

ಗಿಡ ವಾಪಸ್ ಕೊಡುವುದಿಲ್ಲ. ಈಗ ಎರಡು ಎಲೆ, ಮೂರು ಬೇರು. ನನ್ನ ಹಲಗೆಯ ಮೇಲಿದೆ, ನನ್ನದು. ನೀವು ಬಂದ ದಿನ ನಿಮ್ಮ ಮುಂದೆ ಇಡಬೇಕೆಂದಿದ್ದೆ, ಆ ಆಸೆಯೂ ಹೋಯಿತು. ಕುಂಡವನ್ನು ಮಗಳ ಕೈಯಲ್ಲಿ ನಿಮ್ಮ ಮನೆಗೆ ಕಳಿಸಿದ್ದೇನೆ, ತಗಡು ನೀವೇ ಇಟ್ಟುಕೊಳ್ಳಿ.

ಐದನೇ ಮಹಡಿ


ಆಗಸ್ಟ್ 11

ಅಪ್ಪಾ,

ಮೊಹರು ಕಳೆದ ತಿಂಗಳ ಕೊನೆಗೆ ತೆಗೆದರು. ಹೊಸ ಮೆಕ್ಯಾನಿಕ್ ಒಬ್ಬಳು ಹೆಂಗಸು, ನನಗಿಂತ ಚಿಕ್ಕವಳು. ಲ್ಯಾಬಿಗೆ ಮೂರು ದಿನ ರಜೆ ಹಾಕಿ ಅವಳ ಹಿಂದೆಯೇ ನಿಂತೆ. ಎರಡನೇ ದಿನ ಅವಳಿಗೆ ರೇಗಿತು. "ನೀವು ಮಾಡ್ತೀರಾ, ನಾನು ಮಾಡ್ಲಾ?" ಎಂದಳು. ನೀವೇ ಮಾಡಿ, ನಾನು ನೋಡ್ತೀನಿ ಎಂದೆ. ನಿನ್ನ ತಂತಿ ಸಿಕ್ಕಿತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡಳು. ಆರೂ ಬೀಗ ಹೊಸದು.

ಲಿಫ್ಟ್ ಓಡತೊಡಗಿ ಒಂಬತ್ತು ದಿನವಾದರೂ ಟೈಲರಮ್ಮ ಹತ್ತಲಿಲ್ಲ. ಬಾಗಿಲವರೆಗೆ ಊರುಗೋಲಿನಲ್ಲಿ ಬರುತ್ತಾಳೆ, ನಿಲ್ಲುತ್ತಾಳೆ, ವಾಪಸ್ ಹೋಗುತ್ತಾಳೆ. ಹತ್ತನೇ ದಿನ ನನ್ನನ್ನು ಕರೆದಳು. "ನೀನು ಮೊದಲು ಹೋಗು. ಕೆಳಗೆ ಹೋಗಿ ಮೇಲೆ ಬಾ." ಹೋಗಿ ಬಂದೆ. "ಇನ್ನೊಂದು ಸಲ." ಏಳು ಸಲ ಹೋಗಿ ಬಂದೆ. ಒಂದೊಂದು ಸಲವೂ ಬಾಗಿಲು ತೆರೆದಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕಾಲ ಕೆಳಗಿನ ನೆಲ ನೋಡುತ್ತಿದ್ದಳು. ಎಂಟನೇ ಸಲ ಊರುಗೋಲನ್ನು ಮೊದಲು ಒಳಗೆ ಚಾಚಿ ನೆಲವನ್ನು ಎರಡು ಸಲ ಕುಟ್ಟಿದಳು. ಆಮೇಲೆ ಬಂದಳು. ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನಾಲ್ಕು ಉಗುರಿನ ಗುರುತು ಇನ್ನೂ ಇದೆ. ಎರಡನೇ ಮಹಡಿ ದಾಟುವಾಗ ಕಣ್ಣು ಮುಚ್ಚಿಕೊಂಡು ಯಾರಿಗೋ ಬೈದಳು. ನಿನಗೇ ಇರಬೇಕು.

ಬೀದಿಗೆ ಬಂದು ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದಳು. ನಂತರ ನೇರ ಮೂಲೆಯ ದಾರದ ಅಂಗಡಿಗೆ ಹೋದಳು. ಅಂಗಡಿಯವನು ಎದ್ದು ನಿಂತು "ಬನ್ನಿ ಅಕ್ಕ, ಎಷ್ಟು ದಿನ ಆಯ್ತು" ಎನ್ನುವಷ್ಟರಲ್ಲೇ ಶುರುಮಾಡಿದಳು. "ನೀಲಿ ಕೇಳಿದ್ರೆ ನೇರಳೆ ಕಳಿಸ್ತೀಯಲ್ಲ, ಕೆಳಗೆ ಇಳಿದು ಬರಲ್ಲ ಅಂದ್ಕೊಂಡಿದ್ಯಾ?" ಇಡೀ ಬೀದಿಗೆ ಕೇಳುವ ಹಾಗೆ ಬೈದಳು. ಬೈಯುತ್ತ ಬೈಯುತ್ತ ಅವಳ ಮುಖಕ್ಕೆ ಬಣ್ಣ ಬಂತು. ನಾನು ಪಕ್ಕಕ್ಕೆ ತಿರುಗಿ ನಗು ನುಂಗಿದೆ. ಅವಳಿಗೆ ಕಂಡಿತು, ನನಗೂ ಎರಡು ಬೈಗುಳ ಬಿತ್ತು.

ವಾಪಸ್ ಬರುವಾಗ ಕೇಳಿದಳು. "ನಿಮ್ಮಪ್ಪನ್ನ ನೋಡೋಕೆ ಹೋಗಿದ್ಯಾ?"

"ಇಲ್ಲ. ಹತ್ತು ತಿಂಗಳಾಯ್ತು, ಒಂದ್ಸಲಾನೂ ಇಲ್ಲ."

"ಹೋಗು."

"ಯಾಕೆ?"

"ನಾನು ಬರೆದಿದ್ದು ಅವನಿಗೆ ನಾಟಿತೋ ಇಲ್ವೋ ನೋಡ್ಕೊಂಡು ಬಾ. ಪತ್ರದಲ್ಲಿ ಏನು ಬೇಕಾದ್ರೂ ಬರೀಬಹುದು. ಮುಖ ನೋಡಿದ್ರೆ ತಿಳಿಯುತ್ತೆ."

ಆದ್ದರಿಂದ ಬರುತ್ತಿದ್ದೇನೆ. ಈ ತಿಂಗಳ ಮೂರನೇ ಭಾನುವಾರ, ಹನ್ನೊಂದು ಗಂಟೆಗೆ. ನೀನೆಂದರೆ ನನಗೆ ಇನ್ನೂ ಆಗುವುದಿಲ್ಲ, ಇದನ್ನು ಅಲ್ಲಿ ಬಂದು ಹೇಳುವ ಬದಲು ಇಲ್ಲೇ ಬರೆದಿದ್ದೇನೆ. ಎದುರಿಗೆ ಕೂತಾಗ ತಲೆ ತಗ್ಗಿಸಬೇಡ. ನಾನು ಸರಿಯಾಗಿ ನೋಡಬೇಕು. ಅವಳು ಕೇಳಿದಾಗ ಕಂಡದ್ದನ್ನೇ ಹೇಳಬೇಕು.

ಮಗಳು